ಒಂಬತ್ತು ಪದ, ಒಂದು ಅರ್ಜಿ

“ಈ ಅರ್ಜಿಯಲ್ಲಿ ಒಂದೇ ಒಂದು ತಪ್ಪು ಸಿಕ್ಕಲಿ, ನನ್ನ ಮೀಸೆ ಬೋಳಿಸ್ತೀನಿ!” ಎಂದು ಕರಡುರಾಯರು ಸೋಮವಾರ ಬೆಳಗ್ಗೆ ಘೋರ ಪ್ರತಿಜ್ಞೆ ಮಾಡಿದರು.

“ಮೊದಲು ಬೆಳೆಸಿ, ಆಮೇಲೆ ಬೋಳಿಸಿ,” ಎಂದಳು ಹೆಂಡತಿ, ಅವರ ಅಂಗಿಗೆ ಗುಂಡಿ ಹೊಲಿಯುತ್ತ.

ಇಪ್ಪತ್ತಾರು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ತಿದ್ದಿ, ಅವರಿಗೆ ತಾಯಿ ಇಟ್ಟ ಹೆಸರು ತಾಯಿಯ ನಾಲಿಗೆಯಲ್ಲಿ ಬಿಟ್ಟು ಬೇರೆಲ್ಲೂ ಉಳಿದಿರಲಿಲ್ಲ. ಅವರು ಪುಟವನ್ನು ಕೊನೆಯ ಪದದಿಂದ ಮೊದಲ ಪದಕ್ಕೆ ಹಿಮ್ಮುಖವಾಗಿ ಓದುವರು. ಅರ್ಥಕ್ಕೆ ಮನಸ್ಸು ಕೊಟ್ಟರೆ ಕಣ್ಣು ಮೋಸಹೋಗುತ್ತದೆ ಎಂಬುದು ಅವರ ಸಿದ್ಧಾಂತ. ತಪ್ಪಿಲ್ಲವೆಂದು ಖಚಿತವಾದರೆ ಕೆಳಗಿನ ಬಲಮೂಲೆಯಲ್ಲಿ ಒಂದು ಕೆಂಪು ಟಿಕ್ಕು. ಟಿಕ್ಕು ಬಿದ್ದ ಹಾಳೆ ಯಂತ್ರಕ್ಕೆ, ಬೀಳದ ಹಾಳೆ ಬುಟ್ಟಿಗೆ. ಮನೆಯಲ್ಲೂ ಇದೇ ಕಾನೂನು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಹೆಂಡತಿ ಕಲಿತ ಮೊದಲ ಪಾಠವೂ ಇದೇ.

ಸಂಗತಿ ಇಷ್ಟು. ಪಕ್ಕದ ಬೀದಿಯ ಗ್ರಂಥಾಲಯಕ್ಕೆ ಒಬ್ಬ ಸಹಾಯಕಿ ಬೇಕಾಗಿದ್ದಳು. ಅರ್ಜಿ ಇಂಗ್ಲಿಷಿನಲ್ಲಿರಬೇಕು, ಶುಕ್ರವಾರ ಸಂಜೆ ಐದರೊಳಗೆ ಪೆಟ್ಟಿಗೆಗೆ ಬೀಳಬೇಕು, ವಯಸ್ಸು ನಲವತ್ತೈದು ದಾಟಿರಬಾರದು. ಬರುವ ತಿಂಗಳು ಆಕೆಗೆ ನಲವತ್ತಾರು! ಆ ಗ್ರಂಥಾಲಯದ ಯಾವ ಕಪಾಟಿನಲ್ಲಿ ಯಾವ ಪುಸ್ತಕ ತಲೆಕೆಳಗಾಗಿ ನಿಂತಿದೆ ಎಂಬುದು ಕೂಡ ಆಕೆಗೆ ಗೊತ್ತು. ಎಷ್ಟೋ ವರ್ಷ ಮನಸ್ಸಿನಲ್ಲೇ ಬೇಡಿಕೊಂಡದ್ದು ಈಗ ಬಾಗಿಲಿಗೆ ಬಂದು ನಿಂತಿತ್ತು. ಅವಳು ಇಂಗ್ಲಿಷಿನಲ್ಲಿ ಮೂರು ಸಾಲು ಬರೆದು ಗಂಡನ ಕೈಗಿಟ್ಟಳು: ಈ ಜಾಬ್ ನನಗೆ ಬೇಕು. ಗ್ರಂಥಾಲಯ ನನಗೆ ಚೆನ್ನಾಗಿ ಗೊತ್ತು. ಮನಸ್ಸಿಟ್ಟು ಮಾಡುತ್ತೇನೆ.

ರಾಯರು ಮೊದಲ ಸಾಲಿನಲ್ಲೇ ಎಡವಿ ಬಿದ್ದರು.

“ಜಾಬ್? ಯಾಕೆ ಜಾಬ್? ವರ್ಕ್ ಯಾಕಲ್ಲ?”

“ಎಲ್ಲರೂ ಹಾಗೇ ಅಂತಾರಲ್ರೀ.”

“ಎಲ್ಲರೂ ಅಂದದ್ದನ್ನೆಲ್ಲ ಅಚ್ಚು ಹಾಕೋಕಾಗುತ್ತಾ?”

ಅಟ್ಟದಿಂದ ದಪ್ಪ ನಿಘಂಟು ಇಳಿಯಿತು, ಅದರೊಂದಿಗೆ ಒಂದು ಮಣ ಧೂಳೂ ಇಳಿಯಿತು. ಮಂಗಳವಾರದ ಹೊತ್ತಿಗೆ ಪೋಸ್ಟ್, ಪೊಸಿಷನ್ ಬಂದು ಸೇರಿಕೊಂಡವು. ಬುಧವಾರ ಎಂಪ್ಲಾಯ್‌ಮೆಂಟ್, ಆಕ್ಯುಪೇಶನ್, ಪ್ರೊಫೆಷನ್. ಗುರುವಾರ ಕೆರಿಯರ್, ವೊಕೇಶನ್. ಕರೆಯದೆ ಬಂದ ನೆಂಟರ ಹಾಗೆ ಒಂಬತ್ತು ಪದಗಳು ಊಟದ ಮೇಜಿನ ಮೇಲೆ ಠಿಕಾಣಿ ಹೂಡಿದವು.

“ನೋಡೇ, ಪೋಸ್ಟ್ ಅಂದ್ರೆ ಕುರ್ಚಿ. ಯಾರೂ ಕೂತಿಲ್ಲದಿದ್ರೂ ಅದು ಪೋಸ್ಟೇ. ಪ್ರೊಫೆಷನ್ ಅಂದ್ರೆ ಓದಿ ಸಂಪಾದಿಸಿದ ವೃತ್ತಿ. ವೊಕೇಶನ್ ಅಂದ್ರೆ ಇನ್ನೂ ಎತ್ತರ, ದೇವರೇ ಕರೆದು ಒಪ್ಪಿಸಿದ್ದು!”

ಮೂಲೆಯಲ್ಲಿ ಕಣ್ಣುಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದ ರಾಯರ ತಾಯಿ ಒಂದೇ ಕಣ್ಣು ತೆರೆದರು. “ಮಗಾ, ದೇವರು ಕರೆಯೋ ಸರದಿ ನಂದು. ಅವಳನ್ನ ಗ್ರಂಥಾಲಯದವರು ಕರೆದರೆ ಸಾಕು. ಬೇಗ ಬರೆದುಕೊಡೋ!”

“ಅಮ್ಮಾ, ಪದ ಅಂದ್ರೆ ಹುಡುಗಾಟವಲ್ಲ.”

“ಶುಕ್ರವಾರವೂ ಹುಡುಗಾಟವಲ್ಲ!”

ಹೆಂಡತಿ ಪಾತ್ರೆ ತೊಳೆಯುವಾಗ, ಅತ್ತೆಗೆ ಔಷಧಿ ಕೊಡುವಾಗ, ಬಟ್ಟೆ ಮಡಿಸುವಾಗ, ಗಡಿಯಾರದ ಕಡೆ ನೋಡುತ್ತಲೇ ಇದ್ದಳು. “ನೀನು ಒಂದು ಗಳಿಗೆ ಕೂತು ಯೋಚನೆ ಮಾಡೋದೇ ಇಲ್ಲ,” ಎಂದರು ರಾಯರು. “ಕೂತರೆ ತಾನೆ?” ಎಂದು ಅವಳು ಬಕೆಟ್ಟು ಎತ್ತಿಕೊಂಡು ಹೋದಳು.

ಶುಕ್ರವಾರ ರಾಯರು ಅರ್ಧ ದಿನ ರಜೆ ಹಾಕಿ ಬಂದರು. ಮೂರಾಯಿತು. ಮೂರೂವರೆಯಾಯಿತು. ಒಂಬತ್ತು ಪದ, ಒಂಬತ್ತು ಅರ್ಥ, ಒಂದು ಹಾಳೆ ತುಂಬ! ನಾಲ್ಕು ಗಂಟೆಗೆ ಅವರಿಗೆ ಜ್ಞಾನೋದಯವಾಯಿತು: ಇಲ್ಲಿ ಸಲ್ಲುವ ಪದ ಜಾಬ್ ಒಂದೇ! ಹೆಂಡತಿಯ ಮೂರು ಸಾಲನ್ನು ಒಂದಕ್ಷರ ಬದಲಿಸದೆ ಇನ್ನೊಂದು ಹಾಳೆಗೆ ಶುದ್ಧವಾಗಿ ನಕಲು ಮಾಡಿದರು. ನಾಲ್ಕು ದಿನದ ತಪಸ್ಸಿಗೆ ಇಷ್ಟು ವರ!

“ಮುಗೀತಾ? ನಾಲ್ಕೂಕಾಲಾಯ್ತು!” ಒಳಗಿಂದ ಅವಳು ಕೇಳಿದಳು.

“ಮುಗೀತು, ಮುಗೀತು! ಕೈ ಮಸಿಯಾಗಿದೆ, ತೊಳೆದು ಬರ್ತೀನಿ.”

ತೊಳೆದು ಬಂದರು. ಹೆಂಡತಿ ಬೆಳಗ್ಗೆಯೇ ಹೆಸರು ಬರೆದಿಟ್ಟಿದ್ದ ಲಕೋಟೆ ಮೇಜಿನ ಮೇಲೆ ಇರಲಿಲ್ಲ, ಮನೆಯಲ್ಲಿ ಹೆಂಡತಿ ಇರಲಿಲ್ಲ. ನಕಲು ಮಾಡಿದ ಅರ್ಜಿ ಮಾತ್ರ ಬೆಳ್ಳಗೆ ಮಲಗಿತ್ತು.

ರಾಯರು ಅದರ ಬಲಮೂಲೆ ನೋಡಿದರು, ಟಿಕ್ಕಿಲ್ಲ. ಆಗ ನೆನಪಾಯಿತು. ಒಂಬತ್ತು ಪದಗಳ ಹಾಳೆಯನ್ನು ಅಭ್ಯಾಸಬಲದಿಂದ ಹಿಂದಿನಿಂದ ಮುಂದಕ್ಕೆ ಓದಿದ್ದರು. ಒಂದು ಕಾಗುಣಿತದ ತಪ್ಪೂ ಸಿಕ್ಕಿರಲಿಲ್ಲ. ಕೈ ತಾನಾಗಿಯೇ ಟಿಕ್ಕು ಹಾಕಿತ್ತು! ಅರ್ಜಿಗೆ ಹಾಕಿರಲಿಲ್ಲ. ಇಂಗ್ಲಿಷ್ ತುಂಬಿದ ಎರಡು ಹಾಳೆಗಳಲ್ಲಿ ಟಿಕ್ಕು ಬಿದ್ದದ್ದನ್ನು ಆರಿಸಿ, ಹೆಂಡತಿ ಓದದೆಯೇ ಲಕೋಟೆಗೆ ಹಾಕಿ ಅಂಟಿಸಿಕೊಂಡು ಓಡಿದ್ದಳು. ಅವರ ಟಿಕ್ಕಿನ ಮೇಲೆ ಆಕೆಗೆ ಅಷ್ಟು ನಂಬಿಕೆ!

ರಾಯರೂ ಓಡಿದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ತಾಯಿಯದು. ಗ್ರಂಥಾಲಯದ ಮೆಟ್ಟಿಲು ಹತ್ತುವಾಗ ಇನ್ನೂ ನಾಲ್ಕೂವರೆ.

“ಆ ಲಕೋಟೆ... ವಾಪಸ್ಸು... ಇದನ್ನ ಹಾಕ್ಕೊಳ್ಳಿ!” ಎಂದು ಏದುಸಿರು ಬಿಟ್ಟರು.

“ಪೆಟ್ಟಿಗೆಗೆ ಬಿದ್ದದ್ದು ಬಿತ್ತು ಸ್ವಾಮಿ,” ಎಂದ ಜವಾನ. “ಒಬ್ಬರಿಗೆ ಒಂದೇ ಅರ್ಜಿ. ಬೀಗದ ಕೈ ಮೇಡಂ ಹತ್ರ. ಮೇಡಂ ಸೋಮವಾರ ಬರ್ತಾರೆ.”

ಪಕ್ಕದಲ್ಲಿದ್ದ ಹೆಂಡತಿ ಗಂಡನ ಕೈಯಲ್ಲಿದ್ದ ಹಾಳೆಯನ್ನು ಓದಿದಳು. ತನ್ನದೇ ಮೂರು ಸಾಲು. “ಹಾಗಾದ್ರೆ ನಾನು ಹಾಕಿದ್ದು ಏನ್ರೀ?”

ರಾಯರು ಹೇಳಿದರು. ಆಕೆ ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. “ದೇವರಿದ್ದಾನೆ, ನಡೀರಿ,” ಎಂದಷ್ಟೇ ಹೇಳಿ ಮುಂದೆ ನಡೆದಳು. ಆಮೇಲೆ ಹತ್ತು ದಿನ ಮನೆಯಲ್ಲಿ ಮಾತಿಗೆ ಬರಗಾಲ. ರಾಯರಿಗೆ ಊಟ ಸಿಕ್ಕಿತು, ನೀರು ಸಿಕ್ಕಿತು, ಇಸ್ತ್ರಿಯಾದ ಅಂಗಿಯೂ ಸಿಕ್ಕಿತು, ಬೈಗುಳ ಮಾತ್ರ ಸಿಗಲಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಅವಳು ಬಾಗಿಲಿಗೆ ಬರುವಳು, ಬರಿಗೈಯಲ್ಲಿ ಒಳಗೆ ಹೋಗುವಳು. ರಾಯರು ಅದನ್ನು ನೋಡಲಾರದೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುವರು.

ಹನ್ನೊಂದನೆಯ ದಿನ ಕಾಗದ ಬಂತು. ಸಂದರ್ಶನ!

ರಾಯರು ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕುಳಿತರು. ಬಾಗಿಲು ಅರ್ಧ ತೆರೆದಿತ್ತು, ಅವರ ಕಿವಿ ಪೂರ್ತಿ.

“ಏನಮ್ಮ ಇದು?” ಗ್ರಂಥಪಾಲಕಿಯ ಧ್ವನಿ. “ಒಂಬತ್ತು ಪದ, ಒಂಬತ್ತು ಅರ್ಥ. ಅರ್ಜಿಯೇ ಇಲ್ಲ! ಲಕೋಟೆ ಮೇಲೆ ನಿಮ್ಮ ಹೆಸರು ನೋಡಿ, ದಿನಾ ಬರೋರಲ್ವಾ ಅಂತ ಕರೆಸಿದೆ. ನೀವು ಬರೆದದ್ದಾ?”

“ಇಲ್ಲ ಮೇಡಂ, ನಮ್ಮ ಯಜಮಾನರು. ನಂದು ಮೂರೇ ಸಾಲು.”

“ಸರಿ, ನಿಮ್ಮ ಬಾಯಲ್ಲೇ ಹೇಳಿ. ಮೊದಲ ಎರಡು ಪದ ಸಾಕು. ವರ್ಕ್‌ಗೂ ಜಾಬ್‌ಗೂ ಏನು ವ್ಯತ್ಯಾಸ?”

ರಾಯರು ಬೆಂಚಿನ ತುದಿಗೆ ಸರಿದರು. ಅದಕ್ಕೆ ಅವರು ಐದು ಸಾಲು ಬರೆದಿದ್ದರು. ಅವಳು ಒಂದನ್ನೂ ಓದಿರಲಿಲ್ಲ! ಹೊರಗೆ ಕುಳಿತೇ ತುಟಿ ಆಡಿಸಿ ಹೇಳಿಕೊಡಲು ನೋಡಿದರು. ಗೋಡೆಗೆ ಕಣ್ಣಿರಲಿಲ್ಲ.

ಒಳಗಿಂದ ಅವಳ ಮೆಲುದನಿ.

“ಹತ್ತೊಂಬತ್ತು ವರ್ಷದಿಂದ ನಾನು ಮನೇಲಿ ಮಾಡ್ತಿರೋದು ವರ್ಕ್, ಮೇಡಂ. ಜಾಬ್ ಆದ್ರೆ ಸಂಜೆ ಮುಗಿಯುತ್ತಂತೆ.”

ಕುರ್ಚಿ ಹಿಂದಕ್ಕೆ ಸರಿದ ಸದ್ದು, ಅದರ ಹಿಂದೆಯೇ ಗ್ರಂಥಪಾಲಕಿಯ ನಗು. “ಒಂದನೇ ತಾರೀಕಿನಿಂದ ಬನ್ನಿ. ಮೊದಲ ದಿನ ಮಧ್ಯದ ಕಪಾಟು ಜೋಡಿಸೋದು ನಿಮ್ಮದು.”

ರಾಯರು ಬೆಂಚಿನಿಂದ ಎದ್ದೇಬಿಟ್ಟರು. ಎದೆ ಉಬ್ಬಿತು. ಹಾಳೆ ತಮ್ಮದಲ್ಲವೇ, ಪ್ರಶ್ನೆ ಹುಟ್ಟಿದ್ದೇ ತಮ್ಮಿಂದಲ್ಲವೇ! ಒಳಗೆ ಹೋಗಿ ನಮಸ್ಕಾರ ಹೇಳುವುದೆಂದು ಕಾಲರು ಸರಿಮಾಡಿಕೊಂಡು ಬಾಗಿಲಿನವರೆಗೂ ಬಂದರು.

“ಅಂದ ಹಾಗೆ,” ಎಂದು ಗ್ರಂಥಪಾಲಕಿ ಕೇಳುತ್ತಿದ್ದರು, “ಇಷ್ಟೆಲ್ಲ ಬರೆದ ನಿಮ್ಮ ಯಜಮಾನರು ಏನು ಕೆಲಸ ಮಾಡ್ತಾರೆ?”

“ಅವರಾ?” ಎಂದಳು ಹೆಂಡತಿ. “ಕೆಲಸ ಏನೂ ಮಾಡಲ್ಲ ಮೇಡಂ. ಜಾಬ್ ಇದೆ.”