ಸಾರಿನ ಪುಡಿಯ ಡಬ್ಬಕ್ಕೊಂದು ಲೇಬಲ್

ಅಂಟುವ ವಸ್ತುಗಳಿಗೂ ನನಗೂ ಹೊಂದಾಣಿಕೆ ಕಡಿಮೆ. ಅಂಟಬೇಕಾದ ಕಡೆ ಅಂಟುವುದಿಲ್ಲ, ಅಂಟಬಾರದ ಕಡೆ ಬಿಡುವುದಿಲ್ಲ.

ಹೆಂಡತಿ ತೀರಿಕೊಂಡ ವರ್ಷ, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಒಂದೇ ತರಹದ ಸ್ಟೀಲ್ ಡಬ್ಬಗಳು ಸಾಲಾಗಿ ಉಳಿದಿದ್ದವು. ಅವುಗಳಲ್ಲೊಂದರ ತಳದಲ್ಲಿ ಅವಳು ಕೊನೆಯದಾಗಿ ಮಾಡಿದ ಸಾರಿನ ಪುಡಿ. ಅದು ಮುಗಿಯಬಾರದು ಎಂದು ನನ್ನ ಆಸೆ. 'ಮುಟ್ಟಬೇಡಿ' ಎಂಬ ಲೇಬಲ್ ಹಚ್ಚಲು ನಿರ್ಧರಿಸಿದೆ.

೧. ಸಾದಾ ಕಾಗದ

ಮೊದಲು, ಮಕ್ಕಳ ಪುಸ್ತಕಕ್ಕೆ ಹಚ್ಚುವ ಚೀಟಿಯಲ್ಲಿ ಬರೆದು ಅಂಟಿಸಿದೆ. ಕುಕ್ಕರಿನ ಹಬೆಗೆ ಅದು ಸಡಿಲವಾಗಿದ್ದು ತಿಳಿಯಲಿಲ್ಲ. ಮರುದಿನ ನಮ್ಮ ಕನ್ನಡ ಶಾಲೆಯಲ್ಲಿ ಮಕ್ಕಳು ನನ್ನಿಂದ ಒಂದು ಮಾರು ದೂರವೇ ನಿಂತರು. ಕೊನೆಗೆ ಹೆಡ್‌ಮಾಸ್ತರರು ಮೆಲ್ಲಗೆ ಕೇಳಿದರು:

"ಮಾಸ್ತರ್ರೇ, ಬೆನ್ನಿಗೆ ಈ ಚೀಟಿ ಯಾಕೆ ಹಾಕ್ಕೊಂಡದ್ದು?"

೨. ಹೊಳೆಯುವ ಹಾಳೆ

ಕಲ್ಯಾಣದ ಪೇಟೆಯಿಂದ ನೀರು ತಾಗದ, ಹೊಳೆಯುವ ಹಾಳೆ ತಂದೆ. ಕಂಪ್ಯೂಟರ್ ಟೀಚರ್ ಅದನ್ನು ಶಾಲೆಯ ಲೇಸರ್ ಪ್ರಿಂಟರಿಗೆ ಕೊಟ್ಟರು. ಅದು ಶಾಯಿಯ ಪ್ರಿಂಟರಿನ ಹಾಳೆಯಂತೆ. ಲೇಸರಿನ ಬಿಸಿಗೆ ಕರಗಿ ರೋಲರಿಗೆ ಸುತ್ತಿಕೊಂಡಿತು. ಎಳೆದು ತೆಗೆದದ್ದಾಯಿತು. ಆದರೆ ಆಮೇಲೆ ಬಂದ ಪ್ರಶ್ನೆಪತ್ರಿಕೆಗಳಲ್ಲೂ ಮೂರನೇ ಪ್ರಶ್ನೆಯ ಪಕ್ಕ ಮಸುಕಾಗಿ 'ಮುಟ್ಟಬೇಡಿ' ಎಂದಿತ್ತು. ಇಡೀ ಏಳನೇ ಕ್ಲಾಸು ಆ ಪ್ರಶ್ನೆಯನ್ನು ಮುಟ್ಟಲಿಲ್ಲ.

೩. ಬಿಡದ ಅಂಟು

ಮೂರನೆಯ ಸಲ ಠಾಣೆ ಊರಿನ ಲೇಬಲ್ ಅಂಗಡಿಗೇ ಹೋದೆ. ಸ್ಟೀಲಿಗೋ ಗಾಜಿಗೋ, ಎಣ್ಣೆಕೈ ತಾಗುತ್ತದೋ, ಮುಂದೆ ಕೀಳಬೇಕೋ ಬೇಡವೋ ಎಂದು ಅಂಗಡಿಯವನು ವಿಚಾರಿಸಿದ. ಅಂಟಿನಲ್ಲಿ ಇಷ್ಟು ಬಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಒಂದೊಂದನ್ನೂ ಉಗುರಿನಿಂದ ಕೆರೆದು ನೋಡಿ, ಕೀಳಲು ಬಾರದ್ದನ್ನೇ ಆರಿಸಿದೆ. ದೊಡ್ಡ ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿಸಿದೆ. ಡಬ್ಬ ಹೋದರೂ ಲೇಬಲ್ ಹೋಗದು ಎಂದು ಅವನು ಹಿಂದಿಯಲ್ಲಿ ಭರವಸೆ ಕೊಟ್ಟ.

ಭಾನುವಾರ ಘಣಸೋಲಿಯಿಂದ ಮಗಳು ಬಂದಳು. ನಾನು ತರಕಾರಿ ತಂದು ಮೆಟ್ಟಿಲು ಹತ್ತುವಾಗಲೇ ಪರಿಮಳ ಬಂತು. ಗುರುತು ಸಿಕ್ಕಿತು. ಅಡುಗೆಮನೆಯಲ್ಲಿ ಡಬ್ಬ ಖಾಲಿಯಾಗಿ ಬಾಯಿ ತೆರೆದು ಕೂತಿತ್ತು.

ಲೇಬಲ್ ನೋಡಲಿಲ್ಲವೇ ಎಂದು ಕೇಳಿದೆ.

"ನೋಡಿದೆ ಪಪ್ಪಾ. ಬಾಕಿ ಯಾವ ಡಬ್ಬಕ್ಕೂ ಇಲ್ಲ, ಇದೊಂದಕ್ಕೇ ಇಷ್ಟು ದೊಡ್ಡ ಸ್ಟಿಕರ್. ಮೂಸಿದೆ, ಮಮ್ಮಿಯ ಪುಡಿ. ನನಗೋಸ್ಕರ ತೆಗೆದಿಟ್ಟಿದ್ದೀರಿ ಅಂದ್ಕೊಂಡೆ."

ಆಗ ನೆನಪಾಯಿತು. ಊರ ಮಕ್ಕಳಿಗೆಲ್ಲ ಕನ್ನಡ ಕಲಿಸಿದ ನನ್ನ ಮನೆಯಲ್ಲಿ, ಇಂಗ್ಲಿಷ್ ಶಾಲೆಯಲ್ಲಿ ಕಲಿತ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಕಾಗದ ಆರಿಸಿದ್ದೆ, ಅಂಟು ಆರಿಸಿದ್ದೆ; ಯಾರು ಓದುತ್ತಾರೆಂದು ಯೋಚಿಸಿರಲಿಲ್ಲ.

ಸಾರು ಅವಳಮ್ಮ ಮಾಡಿದ ಹಾಗೇ ಇತ್ತು. ಇಬ್ಬರೂ ಎರಡೆರಡು ಸಲ ಬಡಿಸಿಕೊಂಡೆವು.

ಈಗ ಆ ಡಬ್ಬದಲ್ಲಿ ಸಕ್ಕರೆ ಇದೆ. ಅಂಗಡಿಯವನ ಮಾತು ಸುಳ್ಳಾಗಲಿಲ್ಲ. ಮನೆಗೆ ಬಂದ ಕನ್ನಡದವರಿಗೆಲ್ಲ ಚಹಾದ ಜೊತೆ ನಾನು 'ಮುಟ್ಟಬೇಡಿ' ಎಂಬ ಡಬ್ಬವನ್ನೇ ಮುಂದಿಡುತ್ತೇನೆ.