ಸದ್ದಿಲ್ಲದ ಕಾರ್ಡೂ ಐದು ಹಸಿರು ಪೊಟ್ಟಣಗಳೂ

"ಶನಿವಾರದೊಳಗೆ ಈ ಪೆಟ್ಟಿಗೆ ಬಾಯಿ ಮುಚ್ಚಿಸ್ತೀನಿ. ಮುಚ್ಚಿಸದೆ ಹೋದರೆ, ಮೂವತ್ನಾಲ್ಕು ವರ್ಷ ರೈಲು ಓಡಿಸಿದೋನು ನಾನಲ್ಲ, ಬೇರೆ ಯಾರೋ ಅಂತ ತಿಳ್ಕೋ."

ಸೋಮವಾರ ಬೆಳಿಗ್ಗೆ ಸೋಯಾ ಹಾಲಿನ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿ ಯುಂಗ್-ಫಾ ಹೀಗೆ ಘೋಷಣೆ ಮಾಡಿದ. ಹೆಂಡತಿ ಸು-ಲ್ವಾನ್ ಕರಿದ ಹಿಟ್ಟಿನ ಕೋಲನ್ನು ಎರಡಾಗಿ ಮುರಿದು ಹಾಲಿಗೆ ಅದ್ದುತ್ತಾ, "ನೀವು ಓಡಿಸಿದ ರೈಲೂ ಇಷ್ಟು ಸದ್ದು ಮಾಡ್ತಿರಲಿಲ್ಲ" ಅಂದಳು.

ಪೆಟ್ಟಿಗೆ ಅಂದರೆ ಅವನ ಕಂಪ್ಯೂಟರು. ತೈಪೆಯ ಹಳೇ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ ಅವರ ಮನೆ. ಮೆಟ್ಟಿಲು ಐವತ್ನಾಲ್ಕು, ಲಿಫ್ಟ್ ಇಲ್ಲ. ಇರುವುದು ಒಂದೇ ದೊಡ್ಡ ಕೋಣೆ. ಅದರ ಒಂದು ತುದಿಯಲ್ಲಿ ಅವಳ ಚಹಾದ ಮೇಜು, ಇನ್ನೊಂದು ತುದಿಯಲ್ಲಿ ಅವನ ಕಂಪ್ಯೂಟರು, ನಡುವೆ ಆರೇ ಹೆಜ್ಜೆ. ಆ ಆರು ಹೆಜ್ಜೆಯಲ್ಲಿ ಎರಡು ವರ್ಷದಿಂದ ಯುದ್ಧ!

ಸು-ಲ್ವಾನ್ ಚಹಾ ಕಾಯಿಸುವ ಕಲೆ ಕಲಿಸುವವಳು. ವಾರಕ್ಕೆ ಮೂರು ದಿನ ಐದು ಜನ ಹೆಂಗಸರು ಬರುತ್ತಾರೆ. ನೀರು ಎಷ್ಟು ಕಾದಿದೆ ಅಂತ ಅವಳು ಕಣ್ಣಿನಿಂದ ನೋಡುವುದಿಲ್ಲ, ಕಿವಿಯಿಂದ ಕೇಳುತ್ತಾಳೆ. ಮೊದಲು ಮರಳು ಸುರಿದ ಹಾಗೆ, ಆಮೇಲೆ ದೂರದಲ್ಲಿ ಪೈನ್ ಮರಕ್ಕೆ ಗಾಳಿ ಬಡಿದ ಹಾಗೆ. ಆ ಗಾಳಿ ಎದ್ದ ಕ್ಷಣವೇ ಕೆಟಲು ಇಳಿಸಬೇಕು. ಪೆಟ್ಟಿಗೆ ಶುರುವಾಯಿತೋ, ಕೋಣೆ ತುಂಬ ಬರೀ ಗಾಳಿ. ಅದರಲ್ಲಿ ಕೆಟಲಿನ ಗಾಳಿ ಯಾವುದು ಗಂಡನ ಗಾಳಿ ಯಾವುದು ಅಂತ ಯಾರು ಹೇಳಬೇಕು?

ಯುಂಗ್-ಫಾನ ಕಷ್ಟ ಬೇರೆ. ಸು-ಆವೊದಿಂದ ಹ್ವಾಲಿಯೆನ್‌ವರೆಗೆ ಸಮುದ್ರದ ದಂಡೆ ಹಿಡಿದು, ಸುರಂಗದ ಮೇಲೆ ಸುರಂಗ ದಾಟಿ ಹೋಗುವ ದಾರಿ ಅವನದು. ನಿವೃತ್ತಿಯ ದಿನ ಕೊನೆಯ ಸರದಿ ಇತ್ತು. ಅವತ್ತೇ ಚಂಡಮಾರುತ ಬಂದು ರೈಲು ರದ್ದಾಯಿತು. ಇಲಾಖೆಯವರು ಹೂಗುಚ್ಛ ಕೊಟ್ಟರು, ರೈಲು ಕೊಡಲಿಲ್ಲ. ಆ ಕೊನೆಯ ಸರದಿಯನ್ನು ಕಂಪ್ಯೂಟರಿನ ರೈಲಾಟದಲ್ಲಾದರೂ ಓಡಿಸಿಯೇ ತೀರಬೇಕು ಅಂತ ಅವನು ಎರಡು ವರ್ಷ ಕೂತು, ಒಂದೊಂದೇ ಸಿಗ್ನಲ್ ಕಂಬ ನೆಟ್ಟು, ಇಡೀ ದಾರಿಯನ್ನು ತೆರೆಯ ಮೇಲೆ ಕಟ್ಟಿದ್ದ. ದಾರಿಯೇನೋ ಮುಗಿದಿತ್ತು. ಆದರೆ ತೆರೆಯ ಮೇಲೆ ಚಿತ್ರ ಮೂಡಿಸುವ ಹಲಗೆ ಒಂದಿದೆಯಲ್ಲ, ಗ್ರಾಫಿಕ್ಸ್ ಕಾರ್ಡು, ಅದು ಮುದಿಯಾಗಿತ್ತು. ಸಮುದ್ರ ಕಂಡ ಕೂಡಲೇ ಕಾದು ಕೆಂಡವಾಗಿ, ಅದರ ಫ್ಯಾನು ಹುಯ್ಯಲಿಡುತ್ತಿತ್ತು.

ಶನಿವಾರ ಮಧ್ಯಾಹ್ನ ಮೂರಕ್ಕೆ ವೆನ್ ಗುರುಮ್ಮ ಬರುವವರಿದ್ದರು. ಸು-ಲ್ವಾನಳಿಗೆ ಚಹಾ ಕಲಿಸಿದವರು, ವಯಸ್ಸು ಎಂಬತ್ತಾರು. ಅವರು ಕುಡಿದು ಒಪ್ಪಿದರೆ ಶರತ್ಕಾಲದ ದೊಡ್ಡ ಚಹಾ ಕೂಟದಲ್ಲಿ ಗುರುಮ್ಮನ ಪಕ್ಕದ ಆಸನ ಇವಳದು. ಅವತ್ತೊಂದು ದಿನ ಪೆಟ್ಟಿಗೆ ಆರಿಸಿಬಿಡ್ರೀ ಅಂತಷ್ಟೇ ಅವಳು ಕೇಳಿದ್ದಳು. ಆರಿಸಿದ್ದರೆ ಕಥೆಯೇ ಇಲ್ಲ.

"ಆರಿಸೋದ್ಯಾಕೆ? ನಿನ್ನ ಗುರುಮ್ಮ ಇಲ್ಲಿ ಕೂತಿರುವಾಗಲೇ ನನ್ನ ಕೊನೇ ಸರದಿ ಓಡಿಸ್ತೀನಿ. ಅವರ ಕಿವಿಗೆ ಬಿದ್ದರೆ ಪೆಟ್ಟಿಗೆ ನಿನ್ನ ತಮ್ಮನ ಮನೆಗೆ."

ಸು-ಲ್ವಾನ್ ಎದ್ದು ತಮ್ಮನಿಗೆ ಫೋನು ಮಾಡಿ, ಶನಿವಾರ ನಾಲ್ಕಕ್ಕೆ ಸಾಮಾನಿನ ಗಾಡಿ ತಗೊಂಡು ಬಾ ಅಂತ ಹೇಳಿ ಇಟ್ಟಳು.

ಮಂಗಳವಾರ ಯುಂಗ್-ಫಾ ಕಂಪ್ಯೂಟರ್ ಮಾರುಕಟ್ಟೆಗೆ ದಂಡಯಾತ್ರೆ ಹೊರಟ. ಹೊರಡುವ ಮುಂಚೆ ರೈಲ್ವೆಯವರ ಪದ್ಧತಿಯಂತೆ ಒಂದೊಂದಕ್ಕೂ ತೋರುಬೆರಳು ಚಾಚಿ ಗಟ್ಟಿಯಾಗಿ ಕೂಗಿದ: "ಗ್ಯಾಸು, ಆರಿದೆ! ಕಿಟಕಿ, ಮುಚ್ಚಿದೆ! ಹೆಂಡತಿ, ಒಳಗಿದ್ದಾಳೆ!" ನಿವೃತ್ತನಾಗಿ ಎರಡು ವರ್ಷವಾದರೂ ಈ ಚಟ ಬಿಟ್ಟಿರಲಿಲ್ಲ. ಕೆಳಗಿನ ಮನೆಯವರು ಇವನ ಕೂಗು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಮಾರುಕಟ್ಟೆಯ ಎರಡನೆಯ ಅಂತಸ್ತಿನಲ್ಲಿ ಓಯಾಂಗ್ ಅನ್ನುವವಳ ಅಂಗಡಿ. ನಲವತ್ತು ದಾಟಿದ ಹೆಂಗಸು, ಕೊರಳಲ್ಲಿ ಸ್ಕ್ರೂಡ್ರೈವರು ನೇತುಹಾಕಿಕೊಂಡು ನಿಂತಿರುತ್ತಾಳೆ. ಅತಿ ಮೌನವಾದ ಕಾರ್ಡು ಬೇಕು ಅಂದಿದ್ದಕ್ಕೆ ಮೂರನ್ನು ಸಾಲಾಗಿಟ್ಟಳು: ಒಂದು ಫ್ಯಾನಿನದು, ಎರಡು ಫ್ಯಾನಿನದು, ಮೂರು ಫ್ಯಾನಿನದು. ಮೂರನೆಯದು ಇಟ್ಟಿಗೆಯಷ್ಟು ದಪ್ಪ, ಒಂದೂವರೆ ಇಟ್ಟಿಗೆಯಷ್ಟು ಉದ್ದ. ಇದೇ ಎಲ್ಲಕ್ಕಿಂತ ಮೌನ ಅಂದಳು.

"ಅಲ್ಲಮ್ಮ, ಒಬ್ಬ ಬಾಯಿ ಬಡ್ಕೊಂಡ್ರೆ ಗಲಾಟೆ ಜಾಸ್ತಿಯೋ, ಮೂವರು ಬಡ್ಕೊಂಡ್ರೆ ಜಾಸ್ತಿಯೋ?"

"ದೊಡ್ಡಪ್ಪ, ಮೂವರು ಹೊರೆ ಹಂಚಿಕೊಂಡ್ರೆ ಯಾರಿಗೂ ಏದುಸಿರು ಬರಲ್ಲ. ಮೆಲ್ಲಗೆ ತಿರುಗ್ತವೆ. ಕೆಲಸ ಇಲ್ಲದಾಗಂತೂ ನಿಂತೇಬಿಡ್ತವೆ. ಸತ್ತೋಯ್ತು ಅಂತ ಹೆದರ್ಕೋಬೇಡಿ."

ಪೆಟ್ಟಿಗೆಯ ಒಳ ಅಳತೆಯನ್ನು ಅವನು ಮೊದಲೇ ಬರೆದುಕೊಂಡು ಹೋಗಿದ್ದ, ಮೂವತ್ತೆರಡೂವರೆ ಸೆಂಟಿಮೀಟರು. ಕಾರ್ಡು ಮೂವತ್ತೊಂದು. ಒಂದೂವರೆ ಸೆಂಟಿಮೀಟರಿನಲ್ಲಿ ಗೆದ್ದ! ಓಯಾಂಗ್ ಕಾರ್ಡನ್ನು ಕಟ್ಟಿಕೊಟ್ಟು, ಅದರ ಮೇಲೊಂದು ಹಸಿರು ಪೊಟ್ಟಣ ಇಟ್ಟಳು.

ಆ ಪೊಟ್ಟಣ ಅಲ್ಲಿಯವರಿಗೆಲ್ಲ ಗೊತ್ತಿರುವುದೇ. ತೆಂಗಿನ ರುಚಿಯ ಜೋಳದ ಪುರಿ, ಅದರ ಹೆಸರಿನ ಅರ್ಥವೇ ಜಾಣನಾಗಿರು ಅಂತ. ಯಂತ್ರದ ಮೇಲೆ ಅದೊಂದನ್ನು ಇಟ್ಟರೆ ಯಂತ್ರ ತಂಟೆ ಮಾಡದೆ ಜಾಣನ ಹಾಗಿರುತ್ತದೆ. ಹಸಿರೇ ಆಗಬೇಕು; ಹಳದಿ ಕೆಂಪು ಇಟ್ಟರೆ ಸಿಗ್ನಲ್ ಬಿದ್ದ ಹಾಗೆ ಯಂತ್ರ ನಿಂತುಹೋಗುತ್ತದೆ. ದಿನಾಂಕ ಮೀರಿರಬಾರದು, ಜಜ್ಜಿರಬಾರದು, ತಿನ್ನಲಂತೂ ಬಾರದು. ಯುಂಗ್-ಫಾ ರೈಲು ಓಡಿಸಿದ ದಾರಿಯ ಸಿಗ್ನಲ್ ಕೋಣೆಯಲ್ಲಿ ಬೀರು ಬೀರಿನ ಮೇಲೂ ಒಂದೊಂದು ಕೂತಿತ್ತು.

ಮನೆಗೆ ಬಂದು ಕಾರ್ಡು ಕೂರಿಸಿದ. ಇಲ್ಲೇ ಅವನ ಬುದ್ಧಿ ಚುರುಕಾಗಿದ್ದು. ಎಲ್ಲರೂ ಪೊಟ್ಟಣವನ್ನು ಪೆಟ್ಟಿಗೆಯ ಮೇಲಿಡುತ್ತಾರೆ. ತಂಟೆ ಮಾಡುವುದು ಒಳಗಿರುವ ಕಾರ್ಡು ತಾನೇ? ಒಳಗಿನವನಿಗೆ ಹೊರಗಿನಿಂದ ಬುದ್ಧಿ ಹೇಳಿದರೆ ಎಲ್ಲಿ ಕೇಳಿಸಬೇಕು! ಹಾಗಾಗಿ ಪೊಟ್ಟಣವನ್ನು ಒಳಗೇ, ಫ್ಯಾನುಗಳ ಕೆಳಗೆ, ಗೋಡೆಗೆ ಒರಗಿಸಿ ನಿಲ್ಲಿಸಿದ. ಬೆರಳು ಚಾಚಿ ಕೂಗಿದ: "ಫ್ಯಾನು, ಮೂರು! ತಂತಿ, ಬಿಗಿ! ಪೊಟ್ಟಣ, ಹಸಿರು!" ಮುಚ್ಚಳ ಹಾಕಿ ಸ್ಕ್ರೂ ಬಿಗಿದ.

ಗುಂಡಿ ಒತ್ತಿದ. ಆಹಾ, ಏನು ಮೌನ! ಗೋಡೆಯ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಎರಡು ವರ್ಷದಲ್ಲಿ ಮೊದಲ ಸಲ ಅದು ಮೂರು ನಿಮಿಷ ಹಿಂದಿದೆ ಅನ್ನುವುದೂ ಗೊತ್ತಾಯಿತು. ಸು-ಲ್ವಾನ್ ಹುಬ್ಬೇರಿಸಿ ಬಂದು ನೋಡಿದಳು. ಅವನು ಗತ್ತಿನಿಂದ ರೈಲು ಹೊರಡಿಸಿದ. ಒಂದು ನಿಲ್ದಾಣ ಸದ್ದಿಲ್ಲ. ಎರಡನೆಯದು ಸದ್ದಿಲ್ಲ. ಸಮುದ್ರ ಬಂತು ನೋಡಿ: ಚರ್, ಚರ್, ಚರಚರಚರ. ಒಣಗಿದ ಎಲೆಯ ರಾಶಿಯ ಮೇಲೆ ಯಾರೋ ಚಪ್ಪಲಿ ಎಳೆದುಕೊಂಡು ನಡೆದ ಹಾಗೆ.

"ಮುಂಚೆ ಗಾಳಿ ಒಂದೇ ಇತ್ತು. ಈಗ ಇಲಿ ಬೇರೆ ಸೇರ್ಕೊಂಡಿದೆ" ಅಂದಳು ಸು-ಲ್ವಾನ್.

ಬುಧವಾರ ಪೆಟ್ಟಿಗೆಯನ್ನೇ ಹೊತ್ತುಕೊಂಡು ಐವತ್ನಾಲ್ಕು ಮೆಟ್ಟಿಲು ಇಳಿದು, ಬಸ್ಸಿನಲ್ಲಿ ಮೊಮ್ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಅಂಗಡಿಗೆ ಹೋದ. ದಾರಿಯಲ್ಲಿ ಜಜ್ಜಿಹೋದೀತೆಂದು ಪೊಟ್ಟಣವನ್ನು ಮೊದಲೇ ತೆಗೆದು ಮನೆಯ ಕಪಾಟಿನಲ್ಲಿ ಜೋಪಾನ ಮಾಡಿದ್ದ. ಓಯಾಂಗ್ ಅರ್ಧ ಗಂಟೆ ರೈಲು ಓಡಿಸಿ ನೋಡಿದಳು. ಚರ್ ಇಲ್ಲ, ಪರ್ ಇಲ್ಲ.

"ಪೊಟ್ಟಣ ಇಟ್ಟಿದ್ರಾ ದೊಡ್ಡಪ್ಪ?"

"ಇಟ್ಟಿದ್ದೆನಮ್ಮ."

"ಹಸಿರೇ ತಾನೆ? ದಿನಾಂಕ?"

"ಮುಂದಿನ ಏಪ್ರಿಲ್‌ವರೆಗೆ ಇದೆ."

ಎಲ್ಲಿ ಇಟ್ಟಿರಿ ಅಂತ ಮಾತ್ರ ಅವಳು ಕೇಳಲಿಲ್ಲ. ಅದನ್ನೂ ಕೇಳುವವರುಂಟೇ? ಒಂದು ಸಾಲದೇನೋ ಅಂದುಕೊಂಡು ಇನ್ನೊಂದು ಪೊಟ್ಟಣ ಕೊಟ್ಟು ಕಳಿಸಿದಳು. ಅವನು ಮನೆಗೆ ಬಂದು ಎರಡನ್ನೂ ಒಳಗಿಟ್ಟ. ಚರಚರ ಎರಡರಷ್ಟಾಯಿತು!

ಗುರುವಾರ ಪೊಟ್ಟಣಗಳು ಮತ್ತೆ ಕಪಾಟಿಗೆ, ಮತ್ತೆ ಐವತ್ನಾಲ್ಕು ಮೆಟ್ಟಿಲು, ಮತ್ತೆ ಬಸ್ಸು. ಅಂಗಡಿಯಲ್ಲಿ ಮತ್ತೆ ಮೌನ. ಓಯಾಂಗ್‌ಗೆ ಪಾಪ ಅನ್ನಿಸಿ ಕಾರ್ಡನ್ನೇ ಬದಲಾಯಿಸಿ ಕೊಟ್ಟಳು, ಮೂರನೆಯ ಪೊಟ್ಟಣವನ್ನೂ ಕೊಟ್ಟಳು. ಮನೆಯ ನೆಲ ಸರಿಯಿಲ್ಲವೇನೋ ಅಂದಳು. ಅವನು ಮನೆಗೆ ಬಂದು ಮೂರನ್ನೂ ಒಳಗಿಟ್ಟು, ಪೆಟ್ಟಿಗೆಯ ನಾಲ್ಕು ಕಾಲಿಗೂ ತನ್ನ ಉಣ್ಣೆಯ ಕಾಲುಚೀಲ ತೊಡಿಸಿದ. ಕೆಳಗೆ ಚಳಿಗಾಲದ ರಜಾಯಿ ಹಾಸಿದ. ಮುಖ ಪೂರ್ವಕ್ಕೆ ತಿರುಗಿಸಿದ. ಏನು ಮಾಡಿದರೂ ಸಮುದ್ರ ಬಂತೆಂದರೆ ಒಳಗೆ ಮದುವೆ ಊಟ ಶುರು! ಶುಕ್ರವಾರ ಅವನೇ ಬೀದಿ ಕೊನೆಯ ಅಂಗಡಿಗೆ ಹೋಗಿ, ದಿನಾಂಕ ನೋಡಿ ನೋಡಿ ಆರಿಸಿ, ಇನ್ನೂ ಎರಡು ತಂದ. ಐದನೆಯದನ್ನು ಮಂಡಿಯಿಂದ ಒತ್ತಿ ಹಿಡಿದು ಮುಚ್ಚಳ ಹಾಕಬೇಕಾಯಿತು.

ಶನಿವಾರ ಮೂರಕ್ಕೆ ಸರಿಯಾಗಿ ವೆನ್ ಗುರುಮ್ಮ ಬಂದರು. ಐವತ್ನಾಲ್ಕು ಮೆಟ್ಟಿಲಿಗೆ ಎರಡೇ ಸಲ ನಿಂತಿದ್ದರಂತೆ. ಚಹಾದ ಮೇಜಿಗೆ ಕೂತು ಕಣ್ಣು ಮುಚ್ಚಿಕೊಂಡರು. ಸು-ಲ್ವಾನ್ ಕೆಟಲು ಏರಿಸಿದಳು. ಯುಂಗ್-ಫಾ ಹಳೇ ಟೋಪಿ ಹಾಕಿ, ಕಿವಿಗೆ ಹೆಡ್‌ಫೋನು ಏರಿಸಿ, ಎರಡು ವರ್ಷ ಕಾದ ರೈಲನ್ನು ಸು-ಆವೊದಿಂದ ಹೊರಡಿಸಿದ. ಎಡಗಡೆ ಸಮುದ್ರ ತೆರೆದುಕೊಂಡಿತು, ನೀಲಿಯೆಂದರೆ ನೀಲಿ! ಹೆಡ್‌ಫೋನಿನೊಳಗೆ ಚಕ್ರದ ಸದ್ದು ಬಿಟ್ಟರೆ ಅವನಿಗೆ ಬೇರೇನೂ ಕೇಳಿಸಲಿಲ್ಲ. ಪೆಟ್ಟಿಗೆ ಕೊನೆಗೂ ಬುದ್ಧಿ ಕಲಿತಿರಬೇಕು ಅಂದುಕೊಂಡ.

ಅಷ್ಟರಲ್ಲಿ ಸುರಂಗ ಬಂತು. ತೆರೆ ಕಪ್ಪಾಯಿತು. ಕಪ್ಪಾದ ತೆರೆಯಲ್ಲಿ, ಕನ್ನಡಿಯಲ್ಲಿ ಕಂಡ ಹಾಗೆ, ಹಿಂದಿನ ಚಹಾದ ಮೇಜು ಕಂಡಿತು. ಸು-ಲ್ವಾನ್ ಕೆಟಲಿನ ಮೇಲೆ ಬಗ್ಗಿ, ಕಿವಿ ಹತ್ತಿರ ತಂದು, ಇಳಿಸಲೋ ಬೇಡವೋ ಅಂತ ಕೈ ಚಾಚಿ ಹಿಂತೆಗೆದು, ಕೊನೆಗೆ ಇಳಿಸಿದಳು. ಗುರುಮ್ಮ ಒಂದು ಗುಟುಕು ಕುಡಿದರು. ಬಟ್ಟಲನ್ನು ಕೆಳಗಿಟ್ಟರು. ಮತ್ತೆ ಎತ್ತಲಿಲ್ಲ. ಹೆಂಡತಿಯ ಮುಖವನ್ನು ಯುಂಗ್-ಫಾ ನಲವತ್ತೊಂದು ವರ್ಷದಿಂದ ನೋಡುತ್ತಿದ್ದ, ಅದು ಅಷ್ಟು ಸಣ್ಣದಾಗಿದ್ದನ್ನು ನೋಡಿರಲಿಲ್ಲ.

ಅವನು ಹೆಡ್‌ಫೋನು ಕಿತ್ತ. ಅಯ್ಯೋ, ಕೋಣೆಯಲ್ಲಿ ಜೋಳದ ಗಿರಣಿಯೇ ನಡೆಯುತ್ತಿತ್ತು! ರೈಲು ಇನ್ನೂ ಸುರಂಗದಲ್ಲೇ ಇತ್ತು, ಹ್ವಾಲಿಯೆನ್ ಇನ್ನೂ ದೂರ. ಎದ್ದು ಪ್ಲಗ್ಗಿಗೆ ಕೈ ಹಾಕಿದ.

"ಪೆಟ್ಟಿಗೆ ಹೋಗಲಿ ಬಿಡು. ನೀನು ಇನ್ನೊಂದು ಸಲ ನೀರಿಡು" ಅಂದ.

"ತಡಿಯಪ್ಪ" ಅಂದರು ಗುರುಮ್ಮ, ಕಣ್ಣು ತೆರೆಯದೆ. "ಅದು ಯಂತ್ರದ ಸದ್ದಲ್ಲ. ಪ್ಲಾಸ್ಟಿಕ್ಕಿನದು. ಪುರಿ ಪೊಟ್ಟಣದ್ದು. ನಾಲ್ಕೋ ಐದೋ ಇರಬೇಕು."

ಯುಂಗ್-ಫಾ ನಾಲ್ಕು ಸ್ಕ್ರೂ ಬಿಚ್ಚಿದ. ಮುಚ್ಚಳ ತೆಗೆದದ್ದೇ ತಡ, ಒತ್ತಿಟ್ಟಿದ್ದ ಪೊಟ್ಟಣಗಳು ಒಂದರ ಹಿಂದೊಂದು ನೆಲಕ್ಕೆ ಉರುಳಿದವು. ಐದಕ್ಕೂ ಅಂಚಿನಲ್ಲಿ ಫ್ಯಾನು ಕೆರೆದ ಗುರುತು. ಸು-ಲ್ವಾನ್ ಅವನ್ನು ಒಂದೊಂದಾಗಿ ಎಣಿಸಿ ಮೇಜಿನ ಮೇಲಿಟ್ಟಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಒಳಗೆ ಯಾಕ್ರೀ ಇಟ್ರಿ?"

"ಹತ್ತಿರ ಇದ್ರೆ ಚೆನ್ನಾಗಿ ಕೇಳಿಸುತ್ತೆ ಅಂತ."

"ಕೇಳಿಸ್ತು. ನಮಗೆ."

ಪೆಟ್ಟಿಗೆ ಮುಚ್ಚಿತು. ಫ್ಯಾನುಗಳು ಮೂರೂ ಮೆಲ್ಲಗೆ ತಿರುಗುತ್ತಿದ್ದವು, ಸೊಳ್ಳೆಯ ಸದ್ದೂ ಇಲ್ಲ! ಯುಂಗ್-ಫಾ ಮತ್ತೆ ಹೆಡ್‌ಫೋನು ಏರಿಸಿದ, ರೈಲು ಸುರಂಗದಿಂದ ಹೊರಬಂತು. ಇತ್ತ ಕೆಟಲು ಮತ್ತೆ ಒಲೆ ಏರಿತು. ಮರಳು ಸುರಿಯಿತು. ಇನ್ನೇನು ಪೈನ್ ಮರದ ಗಾಳಿ ಏಳಬೇಕು, ಸು-ಲ್ವಾನ್ ಉಸಿರು ಹಿಡಿದಿದ್ದಾಳೆ, ಗುರುಮ್ಮ ತಲೆ ವಾಲಿಸಿದ್ದಾರೆ.

"ಮುಂದಿನ ಸಿಗ್ನಲ್ಲು, ಹಸಿರು! ವೇಗ, ಅರವತ್ತು! ಸರಿ!"

ಹೆಡ್‌ಫೋನು ಹಾಕಿಕೊಂಡವನಿಗೆ ತನ್ನ ಕೂಗು ತನಗೇ ಕೇಳಿಸದು. ಬೆರಳು ಚಾಚಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿದ್ದ.

ಸು-ಲ್ವಾನ್ ಎದ್ದಳು. ಮೇಜಿನ ಮೇಲಿನ ಐದರಲ್ಲಿ ಹೆಚ್ಚು ಜಜ್ಜದ ಒಂದನ್ನು ಆರಿಸಿ, ದಿನಾಂಕ ನೋಡಿ, ಆರು ಹೆಜ್ಜೆ ನಡೆದು ಬಂದು, ಅದನ್ನು ಗಂಡನ ಟೋಪಿಯ ಮೇಲೆ ನಿಧಾನವಾಗಿ ಇಟ್ಟು ಹಿಂತಿರುಗಿದಳು.

ತಲೆಯ ಮೇಲೇನಿದೆ ಅಂತ ಯುಂಗ್-ಫಾನಿಗೆ ತಿಳಿಯಿತು. ಅದು ಬಿದ್ದು ಸದ್ದಾದರೆ ಪೆಟ್ಟಿಗೆ ಗಾಡಿ ಹತ್ತುತ್ತದೆ ಅಂತಲೂ ತಿಳಿಯಿತು. ಕತ್ತು ಅಲುಗಿಸದೆ, ತುಟಿ ಬಿಚ್ಚದೆ, ಸಿಗ್ನಲ್ ಬಂದಾಗಲೆಲ್ಲ ಬೆರಳೊಂದನ್ನೇ ಎತ್ತುತ್ತಾ, ತನ್ನ ಕೊನೆಯ ಸರದಿಯನ್ನು ಹ್ವಾಲಿಯೆನ್ ಮುಟ್ಟಿಸಿದ. ನಿಲ್ದಾಣದಲ್ಲಿ ರೈಲು ಗೆರೆಗೆ ಸರಿಯಾಗಿ ನಿಂತಿತು. ಕೆನ್ನೆಯ ಮೇಲೆ ನೀರಿಳಿದದ್ದನ್ನು ಒರೆಸಿಕೊಳ್ಳುವುದಕ್ಕೂ ಅವನು ಕೈಯೆತ್ತಲಿಲ್ಲ.

ಆ ಹೊತ್ತಿಗೆ ಗುರುಮ್ಮ ಮೂರನೆಯ ಬಟ್ಟಲು ಮುಗಿಸಿ, ಶರತ್ಕಾಲದ ಕೂಟಕ್ಕೆ ಯಾವ ಬಣ್ಣದ ಬಟ್ಟೆ ಉಡಬೇಕು ಅಂತ ಸು-ಲ್ವಾನಳಿಗೆ ಹೇಳುತ್ತಿದ್ದರು. ಕೆಳಗೆ ಬೀದಿಯಲ್ಲಿ ಅವಳ ತಮ್ಮನ ಗಾಡಿ ಎರಡು ಸಲ ಹಾರ್ನ್ ಮಾಡಿತು. ಗುರುಮ್ಮ ಟೋಪಿಯ ಮೇಲಿನ ಪೊಟ್ಟಣವನ್ನು ಒಮ್ಮೆ ನೋಡಿದರು.

"ಗಾಡಿ ವಾಪಸ್ ಕಳಿಸಮ್ಮ. ಪೊಟ್ಟಣದ ತಪ್ಪೇನಿಲ್ಲ. ಅದನ್ನ ಮೇಲೆ ಇಡಬೇಕು, ಆಗ ಕೆಲಸ ಮಾಡುತ್ತೆ" ಅಂದರು.