ಸೈರನ್ ಸ್ವಿಚ್ಚು ಎಲ್ಲಿರಬೇಕು?

ದೊಡ್ಡವರಾಗುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ದೊಡ್ಡವರಾದ ಮೇಲೆ ಕೈಯನ್ನು ಎಲ್ಲಿಡಬೇಕೆಂದು ಹೇಳಿಕೊಡುವವರು ಯಾರೂ ಇಲ್ಲ. ನನಗಂತೂ ಅದು ಇವತ್ತಿಗೂ ಗೊಂದಲವೇ.

ತುಮಕೂರಿನ ಕಡೆಯವನಾದ ನಾನು ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದೆ. ಎಂಬತ್ತರ ದಶಕದ ಕೊನೆಯಲ್ಲಿ, ಯಾವ ಗಳಿಗೆಯಲ್ಲೋ ಏನೋ, ಕೆಲಸ ಬಿಟ್ಟು ಅದೇ ಊರಿನ ಗಾಜುವಾಕದ ಮೆಕ್ಯಾನಿಕ್ ಅಪ್ಪಾರಾವ್ ಜೊತೆ ಪಾಲುದಾರನಾದೆ. ಪೊಲೀಸ್ ಜೀಪುಗಳಿಗೆ ಸೈರನ್, ಕೆಂಪು ದೀಪ, ಕಿಟಕಿಗೆ ತಂತಿ ಜಾಲರಿ ಕೂರಿಸುವುದು ನಮ್ಮ ಕಸುಬು. ತಗಡಿನ ಶೆಡ್ಡು, ತಿಂಗಳಿಗೆ ಒಂದೋ ಎರಡೋ ಜೀಪು. “ಅಲ್ಲಾ ರೀ, ಸೈರನ್ ನಂಬ್ಕೊಂಡು ಸಂಸಾರ ಮಾಡೋಕಾಗುತ್ತಾ?” ಎಂದು ಹೆಂಡತಿ ಕೇಳಿದ್ದಳು.

ಅಪ್ಪಾರಾವ್‌ಗೆ ಅಳತೆ ಟೇಪು ಬೇಕಿರಲಿಲ್ಲ. ಜೀಪಿನ ಡ್ರೈವರನ್ನೇ ಸೀಟಿನಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಕೈ ಚಾಚಲು ಹೇಳುತ್ತಿದ್ದ. ಕೈ ಬಿದ್ದ ಕಡೆ ಸೀಮೆಸುಣ್ಣದ ಗುರುತು, ಅಲ್ಲೇ ಸೈರನ್ ಸ್ವಿಚ್ಚು. “ರೋಡ್ ನೋಡೋನು ಸ್ವಿಚ್ಚು ಹುಡುಕಬಾರದಂಡಿ, ಅದೇ ಅವನ ಕೈಗೆ ಬರ್ಬೇಕು” ಎಂದು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಹೇಳುವನು.

ಆಮೇಲೆ ನಾವು ಬೆಳೆದೆವು. ವಿಜಯವಾಡದಿಂದ ಒಂದೇ ಸಲ ಮೂವತ್ತು ಜೀಪುಗಳ ಕೆಲಸ ಬಂತು. ಅಲ್ಲಿನ ಬೆಂಜ್ ಸರ್ಕಲ್ ಹತ್ತಿರ ಹೊಸ ಶೆಡ್ಡು, ಬೋರ್ಡು, ಗೇಟಿಗೊಬ್ಬ ಕಾವಲುಗಾರ, ನನಗೊಂದು ತಿರುಗುವ ಕುರ್ಚಿ. ಆದರೆ ಜೀಪುಗಳು ಬಂದವೇ ಹೊರತು ಡ್ರೈವರುಗಳು ಬರಲಿಲ್ಲ, ಅವರನ್ನಿನ್ನೂ ನೇಮಿಸಿರಲಿಲ್ಲ. “ಡ್ರೈವರ್ ಇಲ್ದೆ ಸ್ವಿಚ್ಚು ಹೇಗೆ ಸಾರ್?” ಎಂದ ಅಪ್ಪಾರಾವ್. “ಎಲ್ಲಕ್ಕೂ ಒಂದು ಡ್ರಾಯಿಂಗ್ ಸಾಕು” ಎಂದೆ. ಅವನು ವಾದ ಮಾಡದೆ ಗಾಜುವಾಕದಲ್ಲೇ ಉಳಿದ. ನಾನು ಜೀಪಿನಲ್ಲಿ ಕೂತು, ಕಣ್ಣು ಮುಚ್ಚಿ, ನನ್ನ ಕೈಯನ್ನೇ ಚಾಚಿ ಅಳತೆ ಬರೆದೆ. ನನ್ನ ಎತ್ತರ ಐದು ಅಡಿ ಎರಡು ಅಂಗುಲ ಎಂಬುದು ಆ ಸಂಭ್ರಮದಲ್ಲಿ ನೆನಪಾಗಲಿಲ್ಲ.

ಒಪ್ಪಿಸುವ ದಿನ ಡ್ರೈವರುಗಳು ಬಂದರು. ಒಬ್ಬೊಬ್ಬರೂ ತಾಳೆಮರ. ಮೊದಲ ಜೀಪು ಗೇಟು ದಾಟಿ, ಡ್ರೈವರ್ ಗೇರು ಬದಲಿಸಿ ಕ್ಲಚ್ಚಿನಿಂದ ಕಾಲೆತ್ತಿದ್ದೇ ತಡ, ಅವನ ಮೊಣಕಾಲು ಸ್ವಿಚ್ಚಿಗೆ ತಾಗಿ ಸೈರನ್ ಕೂಗಿತು. ಹಿಂದಿನ ಜೀಪಿನದೂ ಕೂಗಿತು. ಬೆಂಜ್ ಸರ್ಕಲ್ಲಿನಲ್ಲಿ ಗೇರು ಬದಲಿಸದೆ ಹತ್ತು ಮಾರು ಹೋಗಲಾಗದು. ಬಸ್ಸು, ರಿಕ್ಷಾಗಳೆಲ್ಲ ಗಾಬರಿಯಿಂದ ಪಕ್ಕಕ್ಕೆ ಸರಿದವು. ಪೊಲೀಸ್ ಅಧಿಕಾರಿಗಳು ಬಹಳ ಮರ್ಯಾದೆಯಿಂದಲೇ ಕೇಳಿದರು: “ಏಮಂಡೀ, ನಾವು ಯಾರನ್ನ ಹಿಡಿಯೋಕೆ ಹೋಗ್ತಿದ್ದೀವಿ?” ಆಮೇಲೆ ಮೂರು ದಿನದ ಗಡುವು ಕೊಟ್ಟರು. ಸರಿಯಾಗದಿದ್ದರೆ ಕೆಲಸ ಬೇರೆಯವರಿಗೆ.

ಗಾಜುವಾಕಕ್ಕೆ, ಅಪ್ಪಾರಾವ್‌ಗೆ, ಟ್ರಂಕ್ ಕಾಲ್ ಮಾಡಿದೆ. “ಡ್ರೈವರ್‌ಗಳನ್ನ ಇರಿಸ್ಕೊಳ್ಳಿ, ಬರ್ತೀನಂಡಿ” ಎಂದಷ್ಟೇ ಹೇಳಿದ. ಮರುದಿನ ಬಂದವನನ್ನು ನನ್ನ ಕಾವಲುಗಾರ ಚೀಟಿ ಇಲ್ಲವೆಂದು ಗೇಟಿನ ಹೊರಗೇ ಅರ್ಧ ಗಂಟೆ ನಿಲ್ಲಿಸಿದ. ನಿಯಮ ಮಾಡಿದವನು ನಾನೇ. ನಾಚಿಕೆಯಾಯಿತು.

ಮೂವತ್ತು ಡ್ರೈವರುಗಳು, ಮೂವತ್ತು ಗುರುತು. ಮೂರನೆಯ ಸಂಜೆ ಕೆಲಸ ಮುಗಿಸಿ ಅಪ್ಪಾರಾವ್ ನನ್ನ ಕೋಣೆಗೆ ಬಂದ. “ಕಣ್ಣು ಮುಚ್ಚಿ ಸಾರ್. ಕೈ ಚಾಚಿ. ಎಲ್ಲರ ಅಳತೆ ಆಯ್ತು, ನಿಮ್ಮದೊಂದು ಬಾಕಿ.”

ಚಾಚಿದೆ. ಕಾವಲುಗಾರನನ್ನು ಕರೆಯಲು ಮೇಜಿಗೆ ಹಾಕಿಸಿದ್ದ ಗಂಟೆಯ ಗುಂಡಿಗೆ ಕೈ ಎಟುಕಲಿಲ್ಲ. ತಡಕಾಡಿದಾಗ ಸಿಕ್ಕಿದ್ದು ಪಕ್ಕದಲ್ಲಿ ಬಗ್ಗಿ ನಿಂತಿದ್ದ ಅವನ ಭುಜ. ಅಪ್ಪಾರಾವ್ ಸೀಮೆಸುಣ್ಣ ತೆಗೆದು ತನ್ನ ಅಂಗಿಯ ಮೇಲೆ, ನನ್ನ ಕೈಯಿದ್ದಲ್ಲೇ, ಗುರುತು ಹಾಕಿಕೊಂಡು, “ನಿಮ್ಮ ಸ್ವಿಚ್ಚು ಇಲ್ಲಿ ಬರುತ್ತಂಡಿ” ಎಂದು ರೈಲಿಗೆ ಹೊರಟ.

ಆ ಗುರುತನ್ನು ಡ್ರಾಯಿಂಗಿನಲ್ಲಿ ಎಲ್ಲಿ ತೋರಿಸಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ. ಮೇಜೂ ನನ್ನದೇ ಡ್ರಾಯಿಂಗಿನದು. ಗಂಟೆ ಒತ್ತಲು ಈಗಲೂ ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ.